ದ್ವೀಪದ ಗುಡಿಯಲ್ಲಿ ನಾನು ಮಾಡಿದ ಅಭಿಷೇಕ

ಕಿಲ್ಕೆನ್ನಿ, ಐರ್ಲೆಂಡ್
24 ಆಗಸ್ಟ್ 2025

ಪ್ರೀತಿಯ ತಮ್ಮ ಶ್ರೀರಾಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ತಿಂಗಳು ಕಳೆಯಿತು. ಉತ್ತರವಿಲ್ಲವೆಂದು ಬೈದುಕೊಳ್ಳುತ್ತಿರುತ್ತೀಯ, ತಪ್ಪು ನನ್ನದೇ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ. ಈ ಸಲ ನಾನು ಪೂರ್ತಿ ಹೇಳಬೇಕು.

ನಾವು ಕ್ಷೇಮ. ಮಗಳು ಅಪರ್ಣಾಗೆ ಆಸ್ಪತ್ರೆಯಲ್ಲಿ ಬಿಡುವಿಲ್ಲದ ಡ್ಯೂಟಿ. ಮೊಮ್ಮಗಳು ಚಿನ್ಮಯಿಗೆ ಹನ್ನೊಂದು ತುಂಬಿತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಲ್ಲಿಯವರ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಮಂಡಿನೋವು ಮಾತ್ರ ಇಲ್ಲಿಗೂ ಜೊತೆಯಲ್ಲೇ ಬಂದಿದೆ.

ಕೃಷ್ಣಾಷ್ಟಮಿಯಂದು, ಇಲ್ಲಿಯ ಕೃಷ್ಣಭಕ್ತರು ಕಟ್ಟಿಕೊಂಡಿರುವ ಒಂದು ಕ್ಷೇತ್ರಕ್ಕೆ ಹೋಗಿದ್ದೆವು. ಶ್ಯಾನನ್ ನದಿ ಒಂದೆಡೆ ಸರೋವರವಾಗಿ ಹರಡಿಕೊಂಡಿದೆ, ಅದರ ನಡುವಿನ ದ್ವೀಪ. ನಮ್ಮ ಶ್ರೀರಂಗಪಟ್ಟಣಕ್ಕಾದರೆ ಸೇತುವೆಯಿದೆ, ಇಲ್ಲಿ ದೋಣಿಯೇ ಗತಿ. ಅಳಿಯ ಅಶ್ವಿನ್‌ನ ಗೆಳೆಯ, ಹುಬ್ಬಳ್ಳಿಯ ಇಜಾಜ್ ತನ್ನ ವ್ಯಾನಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋದ. ನಾನು ದೋಣಿಗೆ ಕಾಲಿಡಲು ಅನುಮಾನಿಸಿದಾಗ ರಟ್ಟೆ ಹಿಡಿದು, “ಹೆದರಬ್ಯಾಡ್ರಿ ಅಮ್ಮಾ, ನಮ್ಮ ಉಣಕಲ್ ಕೆರಿ ಇದ್ದಂಗ ಐತಿ” ಎಂದ.

ಇಳಿದ ಕೂಡಲೇ ಓಕ್ ಮರದ ಬುಡದಲ್ಲಿ ಹನುಮಂತನ ಗುಡಿ. ಬಾಲದ ಮೇಲೆ ಹಸಿರು ಪಾಚಿ, ಕೊರಳಿಗೆ ಯಾರೋ ಹೆಣೆದ ಉಣ್ಣೆಯ ಪಟ್ಟಿ. ಮುಂದೆ ಗಾಜಿನ ಮನೆಯೊಳಗೆ, ಹೀಟರಿನ ಶಾಖದಲ್ಲಿ ತುಳಸಿ. ಆಮೇಲೆ ಕೊಟ್ಟಿಗೆ, ನೀರಿಗಿಳಿಯುವ ನಾಲ್ಕು ಮೆಟ್ಟಿಲಿನ ಸ್ನಾನಘಟ್ಟ. ನೀರು ಎಷ್ಟು ತಣ್ಣಗಿತ್ತೆಂದರೆ ತಲೆಗೆ ಚಿಮುಕಿಸಿಕೊಂಡಿದ್ದೇ ತೀರ್ಥಸ್ನಾನ. ಹಳೆಯ ಕಲ್ಲುಬಂಗಲೆಯೇ ದೊಡ್ಡ ದೇವಸ್ಥಾನ, ಮೊದಲು ಚಳಿ ಕಾಯಿಸುವ ಬೆಂಕಿಯ ಗೂಡು ಇದ್ದ ಕೋಣೆಯೇ ಈಗ ಗರ್ಭಗುಡಿ. ಒಳಗೆ ಕಪ್ಪುಕಲ್ಲಿನ ಕೃಷ್ಣ, ಮೊಣಕೈಯುದ್ದ. ನೋಡಿದರೆ ಎತ್ತಿಕೊಳ್ಳಬೇಕೆನಿಸುತ್ತದೆ.

ಅಲ್ಲಿ ಪೂಜೆ ಮಾಡುವವಳು ಬ್ರೀಡ್ ಎಂಬ ಐರಿಷ್ ಹೆಂಗಸು. ಅರವತ್ತು ದಾಟಿದವಳು, ಸೀರೆಯ ಮೇಲೆ ಸ್ವೆಟರು. ಮಧ್ಯಾಹ್ನದ ಅಭಿಷೇಕಕ್ಕೆ ನೂರು ಜನ ಸೇರಿದ್ದರು. ಹಾಲು, ಮೊಸರು, ಜೇನು ಎಲ್ಲ ಸಿದ್ಧ. ಆಗ ಅವಳು ಹೊರಗೆ ಬಂದು ಗಂಟಲು ಮುಟ್ಟಿ ತೋರಿಸಿದಳು. ಶೀತದಿಂದ ದನಿ ಪೂರ್ತಿ ಹೋಗಿತ್ತು. ಅಭಿಷೇಕದ ಸೂಕ್ತ ಯಾರಿಗಾದರೂ ಬರುತ್ತದೆಯೇ ಎಂದು ಪಿಸುಗುಟ್ಟಿದಳು.

ಜನಿವಾರದ ಗಂಡಸರು ಹತ್ತು ಮಂದಿ ಇದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ಅಶ್ವಿನ್ ಯೂಟ್ಯೂಬ್ ಹಾಕಲು ಹೋದ, ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಚಿನ್ಮಯಿ ಕೈಯೆತ್ತಿ ಕೂಗಿದಳು: “ಅಜ್ಜಿ ನೋಸ್ ಇಟ್! ಕಾಫಿ ಮಾಡುವಾಗ ಎವ್ರಿ ಮಾರ್ನಿಂಗ್ ಮೆಲ್ಲಗೆ ಹೇಳ್ತಾಳೆ!”

ನೂರು ಜನ ನನ್ನತ್ತ ತಿರುಗಿದರು. ನನ್ನ ಕಣ್ಣ ಮುಂದೆ ಬಂದದ್ದು ನಿನ್ನ ಮುಖ, ಅಪ್ಪನ ಮುಖ. ಅಪ್ಪ ನಿನಗೆ ಪಾಠ ಹೇಳುವಾಗ ನಾನು ಹಿತ್ತಿಲ ಜಗುಲಿಯಲ್ಲಿ ದೇವರ ಪಾತ್ರೆ ಬೆಳಗುತ್ತಿದ್ದೆನಲ್ಲ, ಕಲಿತದ್ದು ಆಗಲೇ. ನೀನು ತಪ್ಪಿ ಏಟು ತಿಂದ ಕಡೆಯೆಲ್ಲ ನಾನು ತಿದ್ದಿಕೊಂಡಿದ್ದೆ.

ಬ್ರೀಡ್ ಹತ್ತಿರ ಬಂದಳು. ನಾನು ಹೆಂಗಸು, ನಮ್ಮಲ್ಲಿ ಇದು ಸಲ್ಲದು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.

“ನಾನೂ ಹೆಂಗಸೇ” ಎಂದು ಪಿಸುಗುಟ್ಟಿ ಕೈ ಚಾಚಿದಳು.

ಎದ್ದೆ, ಶ್ರೀರಾಮ. ಅರವತ್ತಾರು ವರ್ಷಕ್ಕೆ ಮೊದಲ ಸಲ ಗರ್ಭಗುಡಿಯ ಹೊಸ್ತಿಲು ದಾಟಿದೆ. ಮೊದಲ ಸಾಲಿಗೆ ಹಾಲಿನ ಪಾತ್ರೆ ಕೈಗೆತ್ತಿಕೊಂಡೆ. ಎರಡನೆಯ ಸಾಲಿಗೆ ಕೃಷ್ಣನ ನೆತ್ತಿಯ ಮೇಲೆ ಹಾಲು ಸುರಿದೆ. ಆಮೇಲೆ ಜನ ಕಾಣಲಿಲ್ಲ, ಮಂಡಿನೋವು ಕಾಣಲಿಲ್ಲ. ಒಂದು ಸ್ವರವೂ ಜಾರಲಿಲ್ಲ. ಮುಗಿಸಿ ತಿರುಗಿದೆ. ಎದ್ದ ಜಯಕಾರಕ್ಕೆ ಕಿಟಕಿಯ ಗಾಜು ಅದುರಿತು.

“ಗ್ರ್ಯಾಂಡ್” ಎಂದು ಪಿಸುಗುಟ್ಟಿದಳು ಬ್ರೀಡ್, ಕಣ್ಣೊರೆಸಿಕೊಂಡು. ಬಾಗಿಲ ಬಳಿ ನಿಂತಿದ್ದ ಇಜಾಜ್, “ಏನ್ ದನಿರೀ ಅಮ್ಮಾ, ಗಂಟಿ ಬಾರಿಸಿದಂಗಿತ್ತು” ಎಂದ. ಅಪರ್ಣಾ ನನ್ನನ್ನು ತಬ್ಬಿಕೊಂಡು, “ಇಷ್ಟು ವರ್ಷ ಯಾಕಮ್ಮ ಬಾಯ್ಬಿಡ್ಲಿಲ್ಲ?” ಎಂದು ಗದರಿದಳು. ದೋಣಿಯಲ್ಲಿ ಚಿನ್ಮಯಿ ನನ್ನ ಪಕ್ಕಕ್ಕೆ ಸರಿದು ಅಚ್ಚ ಕನ್ನಡದಲ್ಲಿ ಕೇಳಿದಳು: “ಅಜ್ಜಿ, ನಂಗೂ ಹೇಳ್ಕೊಡ್ತೀಯಾ?”

ಈಗ ಅವಳಿಗೆ ದಿನಾ ಸಂಜೆ ಪಾಠ. ಬ್ರೀಡ್‌ಗೂ ಸ್ವರ ತಿದ್ದಿಕೊಳ್ಳಬೇಕಂತೆ, ಭಾನುವಾರ ಭಾನುವಾರ ಫೋನಿನಲ್ಲಿ ಕೂರುತ್ತಾಳೆ. ನಿನ್ನ ಅಕ್ಕ ಈ ವಯಸ್ಸಿಗೆ ಗುರು ಆದಳು ನೋಡು. ಸಿಟ್ಟು ಬಂದರೆ ಬರಲಿ. ನಾನು ತಪ್ಪು ಮಾಡಿದೆ ಎಂದು ಮಾತ್ರ ಹೇಳುವುದಿಲ್ಲ.

ನಿನಗೂ ವಿನೋದಿನಿಗೂ ದೇವರು ಆಯಸ್ಸು, ನೆಮ್ಮದಿ ಕೊಡಲಿ. ನಿನ್ನ ಕೈಯ ಪೂಜೆ ತಪ್ಪದೆ ನಡೆಯಲಿ.

ನಿನ್ನ ಅಕ್ಕ,
ಲೀಲಾವತಿ

ತಾ.ಕ.: ಅಪ್ಪ ಹೋದ ದಿನ ನೀನು ಮಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕೊನೆಗೆ ಏನು ಕೇಳಿದರು ಎಂದು ನೀನು ವಿಚಾರಿಸಿದಾಗ, ನೀರು ಕೇಳಿದರು ಎಂದು ನಾನು ಹೇಳಿದ್ದೆ. ಅದು ಸುಳ್ಳು. “ಲೀಲಾ, ನಿಂಗೆ ಬರುತ್ತೆ ಅಂತ ನಂಗೆ ಗೊತ್ತು. ಜಗುಲಿಯಿಂದ ಕೇಳಿಸ್ತಿತ್ತು. ಒಂದ್ಸಲ ಹೇಳಮ್ಮ” ಎಂದಿದ್ದರು. ನನಗೆ ಬರುವುದಿಲ್ಲ ಎಂದುಬಿಟ್ಟೆ. ಹೆದರಿ ಅಲ್ಲ, ಹಟಕ್ಕೆ. ಗೊತ್ತಿದ್ದೂ ಒಮ್ಮೆಯೂ ಒಳಗೆ ಕರೆಯಲಿಲ್ಲವಲ್ಲ ಎಂಬ ಹಟಕ್ಕೆ. ಅವರು ಬಾಗಿಲ ಕಡೆ, ನಿನ್ನ ದಾರಿ ನೋಡುತ್ತಲೇ ಹೋದರು.