ಯಾರದೂ ಅಲ್ಲದ ಮೆಟ್ಟಿಲು

ಸ್ಟ್ರಾತ್‌ಕೊರನ್ ಕೋಟೆ
ಆಗಸ್ಟ್ ೧೪, ೧೯೧೧

ನನ್ನ ಮುದ್ದಿನ ಇಶ್ಬೆಲ್‌ಗೆ,

ನಾನು ಕ್ಷೇಮ, ಮಂಡಿನೋವು ನನಗಿಂತಲೂ ಕ್ಷೇಮ. ಈಸ್ಟರಿಗೆ ನೀನು ಗ್ಲಾಸ್ಗೋದಿಂದ ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ದೊಡ್ಡ ದೊರೆ ತೀರಿಕೊಂಡ ಮೇಲೆ ಇಲ್ಲಿ ಯಾರಿಗೂ ಕೂತು ಬರೆಯುವ ಸಮಾಧಾನವಿರಲಿಲ್ಲ.

ದೊರೆಗೆ ಗಂಡುಮಕ್ಕಳಿಲ್ಲವಲ್ಲ. ಸ್ಟ್ರಾತ್‌ಕೊರನ್ನಿನ ಅರ್ಲ್, ಬಾಲ್ಗ್ಯಾರೋದ ವೈಕೌಂಟ್, ಇನ್ವರ್‌ಲೂನಿನ ಲಾರ್ಡ್, ಈ ಮೂರು ಬಿರುದೂ ಮಗಳು ಊನಾಳಿಗಲ್ಲ, ತನಗೇ ಬರಬೇಕೆಂದು ದೊರೆಯ ತಮ್ಮನ ಮಗ ಹೆಕ್ಟರ್ ಎಡಿನ್‌ಬರೋ ಕೋರ್ಟಿನ ತನಕ ಹೋದ. ಅವನ ಸಾಕ್ಷಿ ಯಾರು ಗೊತ್ತೇ? ನಾನೇ. "ನಮ್ಮ ಫಿನ್ಲೇ ಒಪ್ಪಿಸೋ ವಂಶಾವಳಿ ಕೇಳಿ. ಹದಿನೇಳು ತಲೆಮಾರಲ್ಲಿ ಒಂದಾದ್ರೂ ಹೆಂಗಸಿನ ಹೆಸರಿದ್ಯಾ?" ಎಂದನಂತೆ.

ಇರಲಿಲ್ಲ. ನನ್ನಪ್ಪ ನನಗೆ ಕಲಿಸಿದ್ದು ಹಾಗೆ, ಅವರಿಗೆ ಅವರಪ್ಪ ಕಲಿಸಿದ್ದೂ ಹಾಗೆ. ಆದರೆ ಹಳೆಯ ಸನ್ನದು ಬಿಚ್ಚಿ ನೋಡಿದರೆ, ನಾನು ಅಲಸ್ಡೇರ್ ದೊರೆಯ ಮಗನೆಂದು ಹೇಳುತ್ತ ಬಂದ ಟಾರ್ಕ್ವಿಲ್ ದೊರೆ ಅವನ ಮಗನಲ್ಲ, ಮೊಮ್ಮಗ. ನಡುವೆ ಅಲಸ್ಡೇರನ ಮಗಳು ಮಾರ್ಸಲಿ ಇಪ್ಪತ್ತೆರಡು ವರ್ಷ ತನ್ನ ಹಕ್ಕಿನಿಂದಲೇ ಆಳಿದ್ದಳು. ನಾವು ದಿನವೂ ದಾಟುವ ಕಲ್ಲುಸೇತುವೆ ಕಟ್ಟಿಸಿದವಳೂ ಅವಳೇ. ಎಂಥ ಹೆಂಗಸು ನೋಡು! ಬಿರುದುಗಳು ಊನಾ ದೊರೆಸಾನಿಗೇ ಉಳಿದವು.

ಮೊನ್ನೆ ಶನಿವಾರ ಅವರು ಕೋಟೆ ಹತ್ತಿದರು. ಪಟ್ಟಕ್ಕೆ ಬಂದವರ ಪದ್ಧತಿ ನಿನಗೆ ನೆನಪಿದ್ದೀತು: ದೊರೆಗೊಂದರಂತೆ ಕೆಳಗೆ ಒಂದು ಹೊಸ ಮೆಟ್ಟಿಲು ಕೂಡಿಸುವುದು, ನಾನು ಅವರಿಂದ ಮೂಲಪುರುಷನವರೆಗೆ ಒಂದೊಂದೇ ಹೆಸರು ಕೂಗಿದಂತೆ ಅವರು ಒಂದೊಂದೇ ಮೆಟ್ಟಿಲು ಏರುವುದು, ನಡುವಿನ ಆ ಯಾರದೂ ಅಲ್ಲದ, ಊರೆಲ್ಲ ಅಪಶಕುನವೆಂದು ತುಳಿಯದ ಮೆಟ್ಟಿಲನ್ನು ಮಾತ್ರ ದಾಟಿಬಿಡುವುದು.

ಟಾರ್ಕ್ವಿಲನ ಹೆಸರಾಯಿತು. ರೂಢಿಯಂತೆ ಅಲಸ್ಡೇರನ ಹೆಸರೇ ನಾಲಗೆಯ ತುದಿಗೆ ಬಂತು, ತಡೆದೆ. ದೊರೆಸಾನಿ ಕಾಲೆತ್ತಿಕೊಂಡೇ ನಿಂತರು.

"ಬೇಗ ಹೇಳೋ ಮುದುಕಾ, ಒಳಗೆ ನನ್ನ ಕುರಿಮಾಂಸ ಸೀದು ಹೋಗ್ತಿದೆ," ಎಂದಳು ಅಡುಗೆಯ ಮೊರಾಗ್. ಜನ ನಕ್ಕರು.

"ಮಾರ್ಸಲಿ, ಅಲಸ್ಡೇರನ ಮಗಳು," ಎಂದು ಕೂಗಿದೆ.

ದೊರೆಸಾನಿ ಆ ಮೆಟ್ಟಿಲ ಮೇಲೆ ಎರಡೂ ಕಾಲೂರಿ ನಿಂತರು. ಮಿಕ್ಕ ಹಳೆಯವೆಲ್ಲ ಸವೆದು ತಟ್ಟೆಯಂತಾಗಿವೆ. ಅದರ ಅಂಚು ಮಾತ್ರ ನಿನ್ನೆ ಕಡೆದಂತಿತ್ತು.

ಹೆಕ್ಟರನೂ ದೊಡ್ಡ ಮನಸ್ಸಿನವನೇ. ಟೋಪಿ ತೆಗೆದು, "ಒಂದು ಕಲ್ಲು ನನ್ನ ಸೋಲಿಸ್ತಲ್ಲೋ ಫಿನ್ಲೇ," ಎಂದು ನಕ್ಕು ನನ್ನ ಲೋಟಕ್ಕೆ ವಿಸ್ಕಿ ಸುರಿದ.

ಊಟವಾದ ಮೇಲೆ ದೊರೆಸಾನಿ ಕರೆದು ಕೇಳಿದರು: "ನಿಮ್ಮ ನಂತರ ಇದನ್ನ ಯಾರು ಹೇಳ್ತಾರೆ ಫಿನ್ಲೇ?"

"ನನಗೆ ಗಂಡುಮಗ ಇಲ್ವಲ್ಲ ದೊರೆಸಾನಿ."

"ನಮ್ಮಪ್ಪಂಗೂ ಇರ್ಲಿಲ್ಲ," ಎಂದರು.

ಮನೆಗೆ ಬಂದು ನಿನ್ನ ಈಸ್ಟರಿನ ಕಾಗದ ಹುಡುಕಿ ತೆಗೆದೆ.

ನಿನಗೂ ನಿನ್ನ ಯಜಮಾನರಿಗೂ ದೇವರು ಬೆಚ್ಚನೆಯ ಒಲೆ, ನೆಮ್ಮದಿಯ ನಿದ್ದೆ ಕೊಡಲಿ.

ನಿನ್ನ ಅಪ್ಪ,
ಫಿನ್ಲೇ

ಇನ್ನೊಂದು ಮಾತು. ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ನೀನು ಓಡಿ ಬಂದು, "ಅಪ್ಪಾ, ಮೆಟ್ಲು ಹದಿನೆಂಟು, ಹೆಸ್ರು ಹದಿನೇಳು. ಒಂದು ನುಂಗ್ಬಿಟ್ಟಿದ್ದೀಯ," ಎಂದೆ. ಇದು ಹೆಣ್ಣುಮಕ್ಕಳ ವಿದ್ಯೆಯಲ್ಲವೆಂದು ನಿನ್ನ ಕೆನ್ನೆಗೆ ಹೊಡೆದೆ. ಆಮೇಲೆ ನೀನು ನನ್ನನ್ನು ಏನನ್ನೂ ಕೇಳಲಿಲ್ಲ. ಈಗ ಮಾರ್ಸಲಿ, ಊನಾ ಸೇರಿ ಹತ್ತೊಂಬತ್ತೂ ಹೆಸರು ಸರಿಯಾಗಿವೆ. ಬಾ, ಕಲಿತುಕೋ. ಆ ಮೆಟ್ಟಿಲ ಮೇಲೆಯೇ ಕೂತು ಶುರುಮಾಡೋಣ.