ಎರಡು ಭುಜಗಳ ಅಳತೆ

ಆಂಟಿಗುವಾ, ಗ್ವಾಟೆಮಾಲಾ
ಮಾರ್ಚ್ 6, ಗುರುವಾರ

ನನ್ನ ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಹ್ಯೂಸ್ಟನ್ನಿನ ಆ ಹೋಟೆಲಿನ ಸೋಪಿನ ನೀರಿಗೆ ನಿನ್ನ ಬೆರಳು ಬಿರಿಯುವುದು ನಿಂತಿತೇ? ನಾನು ಕಳಿಸಿದ ಮುಲಾಮು ಹಚ್ಚಿಕೋ, ಉಳಿಸಿಡಬೇಡ. ಫೋನು ಮಾಡಿದಾಗೆಲ್ಲ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಪತ್ರ.

ಭಾನುವಾರ ತಂಗಿ ಒತಿಲಿಯಾಳನ್ನು ಭುಜದ ಅಳತೆಗೆ ಕರೆದುಕೊಂಡು ಹೋಗಿದ್ದೆವು. ಪವಿತ್ರ ವಾರದ ಮೆರವಣಿಗೆಯಲ್ಲಿ ಮಾತೆ ಮರಿಯಳ ಪಲ್ಲಕ್ಕಿಯನ್ನು ಸಮ ಎತ್ತರದವರೇ ಒಟ್ಟಿಗೆ ಹೊರಬೇಕಲ್ಲ. ಹೋದ ವರ್ಷ ಎಡಭುಜ ಅಳೆದಿದ್ದರು, ಈ ಸಲ ಬಲಭುಜ. "ಒಂದೇ ವರ್ಷಕ್ಕೆ ನಾಲ್ಕು ಬೆರಳು ಉದ್ದ ಆಗಿದಾಳೆ ನೋಡ್ರೀ! ಎಲ್ಲಾ ನಾನು ಬೇಯಿಸಿ ಹಾಕಿದ ಬೀನ್ಸಿನ ಪ್ರತಾಪ!" ಎಂದು ಅಜ್ಜಿ ಸಾಲಿಗೆಲ್ಲ ಕೇಳುವಂತೆ ಕೂಗಿದಳು. ಅಳೆಯುತ್ತಿದ್ದ ದೋನ್ಯಾ ಎಲ್ವಿರಾಗೆ ಅನುಮಾನ ಬಂತು. ಕೋಲನ್ನು ಎಡಕ್ಕೂ ಹಿಡಿದು, "ಏನೇ ಹುಡುಗೀ, ನಿನ್ನ ಎರಡು ಭುಜ ಎರಡು ಊರಿಗೆ ಹೊರಟಿವೆಯಲ್ಲೇ!" ಎಂದರು. ಎಲ್ಲರೂ ನಕ್ಕರು, ಒತಿಲಿಯಾಳೂ ನಕ್ಕಳು. ಹಿಂದೆ ನಿಂತಿದ್ದ ನನಗೆ ಅವಳ ಕುಪ್ಪಸದೊಳಗೆ ಒಂದೇ ಕಡೆ ಉಬ್ಬಿದ್ದ ಬೆನ್ನು ಕಂಡಿತು. ನಗು ಬರಲಿಲ್ಲ.

ಮರುದಿನವೇ ಎಕ್ಸ್‌ರೇ ತೆಗೆಸಿದೆವು. ಬೆನ್ನುಮೂಳೆ ಬಲಕ್ಕೆ ಹೊರಳಿ, ಸೊಂಟದ ಬಳಿ ಮತ್ತೆ ಎಡಕ್ಕೆ ತಿರುಗಿದೆ. ಪಕ್ಕೆಲುಬುಗಳು ಒಂದು ಕಡೆ ಅಗಲಿವೆ, ಇನ್ನೊಂದು ಕಡೆ ಒತ್ತೊತ್ತಾಗಿವೆ. ಸಾಹಿತ್ಯ ಓದಿದವಳು ನಾನು. ಆ ಚಿತ್ರಕ್ಕೆ ಒಂದು ಉಪಮೆಯೂ ಹೊಳೆಯಲಿಲ್ಲ. ಡಾಕ್ಟರು ಬಾಗು ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು ಗೆರೆ ಎಳೆದು ನಡುವಿನ ಕೋನ ಅಳೆದರು. ಎಪ್ಪತ್ತೆರಡು ಡಿಗ್ರಿ. "ಐವತ್ತಕ್ಕೇ ನಾವು ಆಪರೇಷನ್ ಮಾತು ಎತ್ತೋದಮ್ಮ" ಎಂದರು. ಭಾರ ಹೊತ್ತು ಬಂದದ್ದಲ್ಲವಂತೆ, ಬೆಳೆಯುವ ವಯಸ್ಸಿನಲ್ಲಿ ತಾನಾಗಿಯೇ ಬರುತ್ತದಂತೆ. ಮೂಳೆಗೆ ಕಂಬಿ ಕಟ್ಟಬೇಕಂತೆ.

ಒತಿಲಿಯಾಳದು ಒಂದೇ ಹಟ: "ಅಮ್ಮ ಬರೋ ತನಕ ನಾನು ಆ ಆಪರೇಷನ್ ಮೇಜಿನ ಮೇಲೆ ಮಲಗೋದೇ ಇಲ್ಲ." ಅಜ್ಜಿ ನನ್ನನ್ನು ಅಡುಗೆಮನೆಗೆ ಎಳೆದು ಗದರಿದಳು: "ನಿಮ್ಮಮ್ಮನಿಗೆ ಬಾಯಿ ಬಿಟ್ಟೀಯೆ, ಜೋಕೆ! ಕಾಗದಪತ್ರ ಇಲ್ಲದೆ ಹೋದವಳು. ಒಂದು ಸಲ ಬಂದಳೋ, ಆಮೇಲೆ ಅವಳನ್ನ ಮತ್ತೆ ಅಮೆರಿಕದೊಳಗೆ ಯಾರು ಬಿಡ್ತಾರೆ?"

ನೀನು ಗಾಬರಿಯಾಗಬೇಡ. ಅವಸರವೇನಿಲ್ಲ, ನಿನ್ನ ಅನುಕೂಲ ನೋಡಿಕೊಂಡು ಯೋಚಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿಗೆ ಗೊತ್ತಿಲ್ಲದೆ ಬರೆಯುತ್ತಿರುವುದರಿಂದ ಅವಳ ಆಶೀರ್ವಾದವನ್ನೂ ನಾನೇ ಸೇರಿಸಿದ್ದೇನೆ.

ನಿನ್ನ ಮಗಳು,
ನೊಯೆಮಿ

ವಿ.ಸೂ.: ಅವಸರವಿಲ್ಲ ಎಂದದ್ದು ಸುಳ್ಳು ಅಮ್ಮಾ. ಬಾಗಿದ ಮೂಳೆ ಶ್ವಾಸಕೋಶವನ್ನು ಒತ್ತುತ್ತಿದೆ. ನಿನ್ನೆ ಮಾರುಕಟ್ಟೆಯಿಂದ ಬರುವಾಗ ಅವಳು ಗೋಡೆ ಹಿಡಿದು ನಿಂತಳು, ತುಟಿ ಬಿಳಚಿತ್ತು. "ಸ್ವಲ್ಪ ಉಸಿರು ಸಿಗ್ತಿಲ್ಲ ಅಷ್ಟೇ ಕಣೇ, ಯಾರಿಗೂ ಹೇಳಬೇಡ" ಎಂದಳು. ಬಂದರೆ ನೀನು ಮತ್ತೆ ಹೋಗಲಾರೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಬಾ.