ಭಜನೆಗೆ ಅಡ್ಡಬರುವ ಮಾತ್ರೆ

ಮಂಗಳವಾರ, ಜೂನ್ 17. ಗ್ಲೆನ್ ವೇವರ್ಲಿ

ಫಾರ್ಮಸಿಯಲ್ಲಿ ನಾನೇ ತುಂಬಿಕೊಟ್ಟ ವಾರದ ಮಾತ್ರೆ ಡಬ್ಬಿಯನ್ನು ಜಲಜಾಕ್ಷಿ ಆಂಟಿ ವಾಪಸ್ ತಂದರು. ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆಗಳು ಅರ್ಧಕ್ಕರ್ಧ ಹಾಗೇ ಇವೆ. ಅವರ ಹೃದಯ ಸೋತಿದೆ, ನೀರು ತುಂಬಿ ಊದಿದ ಪಾದ ಒತ್ತಿದರೆ ಕುಳಿ ಬೀಳುತ್ತದೆ. ಹೇಳಿ ಹೇಳಿ ನನ್ನ ಬಾಯಿ ಬತ್ತಿತು.

"ಬೆಳಿಗ್ಗೆ ತಗೊಂಡ್ರೆ ಭಜನೆ ಮಧ್ಯೆ ನಾಲ್ಕು ಸಲ ಏಳ್ಬೇಕು. ಮರ್ಯಾದೆ ಉಂಟಾ ಮಾರಾಯ್ತಿ?"

"ಮಧ್ಯಾಹ್ನ ತಗೊಳ್ಳಿ ಆಂಟಿ."

"ಮೊಮ್ಮಗಳನ್ನು ಶಾಲೆಯಿಂದ ಕರ್ಕೊಂಡು ಬರ್ಬೇಕಲ್ಲ. ರಾತ್ರಿಯಾದ್ರೆ ಫ್ಲಶ್ ಸದ್ದಿಗೆ ಸೊಸೆಗೆ ನಿದ್ದೆ ಇಲ್ಲ."

ದಿನದ ಯಾವ ಗಂಟೆಯಲ್ಲೂ ಆ ಪುಟ್ಟ ಮಾತ್ರೆಗೆ ಜಾಗವಿಲ್ಲ. ಸೊಸೆಯ ಹತ್ತಿರ ನಾನೇ ಮಾತಾಡಲೇ ಅಂದೆ. ಕೈ ಹಿಡಿದು ಬೇಡ ಅಂದರು; ಅಷ್ಟು ಹೇಳುವುದಕ್ಕೇ ಎರಡು ಸಲ ಉಸಿರೆಳೆದುಕೊಂಡರು. ಹೇಳಿದರೆ ಆಂಟಿ ನನ್ನ ಹತ್ತಿರ ಬರುವುದನ್ನೇ ಬಿಡುತ್ತಾರೆ. ಹೇಳದಿದ್ದರೆ ಮುಂದಿನ ವಾರವೂ ಮಾತ್ರೆಗಳು ಡಬ್ಬಿಯಲ್ಲೇ ಉಳಿಯುತ್ತವೆ, ಆ ಉಸಿರು ಇನ್ನಷ್ಟು ಗಿಡ್ಡವಾಗುತ್ತದೆ.